ಆಯಿ ಕೇಳಿದ್ದು ಐವತ್ತು ಸೂಜಿ

“ಇದನ್ನ ಯಾವಾಕಿ ಹೊಲ್ದಾಳ?”

ದೇವದುರ್ಗದ ಒಂದು ಮನೆಯ ಪಡಸಾಲೆ. ಎಂಬತ್ತು ದಾಟಿದ ಅಜ್ಜಿಯೊಬ್ಬರು ತೊಡೆಯ ಮೇಲೆ ಕೌದಿ ಹರಡಿಕೊಂಡು, ಅದರ ಮೇಲೆ ಬೆರಳಾಡಿಸುತ್ತ ಈ ಪ್ರಶ್ನೆ ಕೇಳಿದರು. ಅವರ ಮುಖ ಕೌದಿಯ ಕಡೆಗಿರಲಿಲ್ಲ, ಬಾಗಿಲ ಕಡೆಗಿತ್ತು. ಆ ಕಣ್ಣುಗಳಿಗೆ ಈಗ ಬೆಳಕು ಎಲ್ಲಿದೆ, ನೆರಳು ಎಲ್ಲಿದೆ ಎಂಬುದಷ್ಟೇ ತಿಳಿಯುತ್ತದೆ. ಉಳಿದದ್ದನ್ನೆಲ್ಲ ಬೆರಳು ನೋಡಿಕೊಳ್ಳುತ್ತದೆ.

ಬೆರಳು ಇನ್ನೊಂದು ಸಾಲಿಗೆ ಹೋಯಿತು.

“ಯಾವಾಕಿ ಅಂತ ಕೇಳಿದ್ನಲ್ಲ. ಎಲ್ಲಾರ ಬಾಯಿಗೂ ಹೊಲಿಗಿ ಬಿದ್ದಾವೇನು?”

ಯಾವಾಕಿಯೂ ಅಲ್ಲ. ಹೊಲಿದವನು ನಾನು.

ಈ ಅಂಕಣವನ್ನು ಬಿಡದೆ ಓದುವವರಿಗೆ ನನ್ನ ಹಾಬಿ ಗೊತ್ತು. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದುತ್ತಿದ್ದ ಕಾಲಕ್ಕೆ ಸಿಗರೇಟು ಬಿಡಬೇಕಾಗಿ ಬಂತು. ಡಾಕ್ಟರು, “ಕೈಗೆ ಏನಾದರೂ ಕೆಲಸ ಕೊಡಿ” ಅಂದರು. ನನ್ನ ಹೆಂಡತಿ ತಾನು ಅರ್ಧಕ್ಕೆ ಬಿಟ್ಟಿದ್ದ ಸ್ವೆಟರನ್ನು ಕಡ್ಡಿಗಳ ಸಮೇತ ತಂದು ನನ್ನ ತೊಡೆಯ ಮೇಲಿಟ್ಟಳು. ತಮಾಷೆಗೆ ಇಟ್ಟಿದ್ದು. ಆದರೆ ಸ್ವೆಟರು ಮುಗಿಯಿತು. ಸಿಗರೇಟು ಹೋಯಿತು. ಕಡ್ಡಿ ಹೋಗಲಿಲ್ಲ.

ರಾಯಚೂರಿನಲ್ಲಿ ಕೂತು ಸ್ವೆಟರ್ ಹೆಣೆಯುವುದು ಎಂದರೆ ಏನು ಎಂದು ನಮ್ಮ ಕಡೆಯ ಬಿಸಿಲು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ಮಾನ್ವಿಯ ಬಸ್ಸಿನಲ್ಲಿ ಪಕ್ಕದ ಸೀಟಿನವರು ನನ್ನ ಕೈಯನ್ನೇ ನೋಡುತ್ತಿದ್ದರು. ನೀರಮಾನ್ವಿ ಬರುವ ಹೊತ್ತಿಗೆ ಅವರಿಗೆ ತಡೆಯಲಾಗಲಿಲ್ಲ.

“ಏನ್ ಹೆಣಿಯಾಕತ್ತೀರಿ ಸರ?”

“ಸ್ವೆಟರ್ ರೀ.”

“ಯಾರಿಗ್ರೀ?”

“ಇನ್ನಾ ಗೊತ್ತಿಲ್ರಿ.”

“ನಮ್ಮೂರಾಗ ಮೈಮ್ಯಾಲಿನ ಅಂಗೀನ ಬಿಚ್ಚಿ ಒಗದು ಕುಂದ್ರಂಗ ಆಗ್ಯಾದ. ನೀವು ನೋಡಿದ್ರ ಉಣ್ಣಿ ಅಂಗಿ ಹೆಣಿಯಾಕತ್ತೀರಿ. ಬಿಸಿಲಿಗೆ ಹೆಣಿಯಾಕತ್ತೀರೇನು, ಅದಕ್ಕೂ ಥಂಡಿ ಆಗಬಾರದಂತ?”

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. (ಕಡ್ಡಿ ಮಾತ್ರ ನಿಲ್ಲಿಸಲಿಲ್ಲ. ಲೆಕ್ಕ ತಪ್ಪಿದರೆ ಆ ಸಾಲನ್ನೆಲ್ಲ ಬಿಚ್ಚಬೇಕು.)

ಹೆಣಿಗೆಯಿಂದ ಕೌದಿಗೆ ಬಂದೆ. ಕೌದಿ ನಮ್ಮ ಹವೆಗೆ ಹೊಂದುತ್ತದೆ. ಬೇಸಿಗೆಯಲ್ಲಿ ಹಾಸಬಹುದು, ಚಳಿಗೆ ಹೊದೆಯಬಹುದು. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಹೊರಗಿನ ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬಂದು ಮುಗಿಸುವುದು. ಹೇಳಲು ಇಷ್ಟೇ. ದೊಡ್ಡದಾದರೆ ಮಾಡಲು ತಿಂಗಳುಗಟ್ಟಲೆ ಬೇಕು. ನನಗೆ ತುಂಡು ಬಟ್ಟೆ ಕೊಡುವವರು ಮಾನ್ವಿಯ ಟೇಲರ್ ಖಾದರ್ ಭಾಯಿ. ಕತ್ತರಿಸಿ ಉಳಿದ ಚೂರುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ ಚೀಲದಲ್ಲಿ ತುಂಬಿಟ್ಟಿರುತ್ತಾರೆ. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಹೋಗಿ ತರುತ್ತೇನೆ. ಅರ್ಧ ದಿನ ಮಾತು, ಎರಡು ಗ್ಲಾಸು ಚಹಾ, ಒಂದು ಚೀಲ ಚಿಂದಿ. ನಿವೃತ್ತನಿಗೆ ಇದಕ್ಕಿಂತ ಒಳ್ಳೆಯ ಭಾನುವಾರ ಯಾವುದಿದೆ?

ಈಗ ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆಯ ಮಹಡಿಯಲ್ಲಿ ರೇಣುಕಾ ಮತ್ತು ಆಕೆಯ ಗಂಡ ಬಾಡಿಗೆಗಿದ್ದಾರೆ. ರೇಣುಕಾ ಆಸ್ಪತ್ರೆಯಲ್ಲಿ ನರ್ಸ್. ತವರು ದೇವದುರ್ಗ. ಒಂದು ಸಂಜೆ ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು, ಒಂದು ಕೈಯಲ್ಲಿ ರೇಲಿಂಗ್, ಇನ್ನೊಂದು ಕೈಯಲ್ಲಿ ಗಂಟು ಹಿಡಿದು ಮೆಟ್ಟಿಲಿಳಿದು ಬಂದಳು. ಗಂಟಿನೊಳಗೆ ಅರ್ಧ ಹೊಲಿದ ಪುಟ್ಟ ಕೌದಿ.

“ನಮ್ಮ ಆಯಿ ಕಳಿಸ್ಯಾಳ ಕಾಕಾ” ಅಂದಳು. ಆಯಿ ಎಂದರೆ ಆಕೆಯ ಅಪ್ಪನ ತಾಯಿ. ಊರಲ್ಲಿ ಅಮರಮ್ಮ ಎಂದು ಹೆಸರು, ಮನೆಯಲ್ಲಿ ಎಲ್ಲರಿಗೂ ಆಯಿ. “ನಮ್ಮ ಮನ್ಯಾಗ ಹುಟ್ಟಿದ ಪ್ರತಿ ಕೂಸೂ ಮೊದಲು ಮಲಗೋದು ಆಯಿ ಹೊಲ್ದ ಕೌದಿ ಮ್ಯಾಲ. ನಮ್ಮಪ್ಪ, ನಾನು, ನನ್ನ ತಂಗಿ, ಎಲ್ಲಾರೂ. ಈಗ ಆಕಿಗೆ ಕಣ್ಣು ಪೂರಾ ಹೋಗಾಕತ್ತಾವ. ನರ ಒಣಗ್ಯಾವ, ಆಪರೇಷನ್ ಮಾಡಿದ್ರೂ ಬರಾಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ಇದ ಕಡೀ ಕೌದಿ ಅಂತ ಆಕೀನ ಅಂದಾಳ.”

“ಮುಗಿಸಾಕ ನನಗ ಕಳಿಸ್ಯಾರೇನು?”

“ಇಲ್ಲಿಲ್ಲ. ಹೊಲಿಯಾಕ ಆಕಿಗೆ ಬರತದ, ಕೈಯಾಗ ಹಿಡಿದು ತಡವಿ ತಡವಿ ಹೊಲೀತಾಳ. ಸೂಜಿ ಪೋಣಸಾಕ ಬರಾವಲ್ದು. ನಮ್ಮವ್ವ, ಅಪ್ಪ ನಸುಕಿನ್ಯಾಗ ಹೊಲಕ್ಕ ಹೋಗೂಮುಂದ ಎರಡು ಮೂರು ಪೋಣಿಸಿ ಇಟ್ಟು ಹೋಗ್ತಾರ. ಅವು ಊಟದ ಹೊತ್ತಿಗೆ ಮುಗದು ಹೋಗ್ತಾವ. ಆಮ್ಯಾಲ ಸಂಜೀ ತನಾ ಸುಮ್ಮನ ಕೂತಿರ್ತಾಳ. ಕೆಳಗಿನ ಮನ್ಯಾಗ ಕೌದಿ ಹೊಲಿಯೋರು ಅದಾರ ಅಂತ ಅಷ್ಟ ಆಕಿಗೆ ಹೇಳೀನಿ. ನೀವು ಒಂದೈವತ್ತು ಸೂಜಿಗೆ ದಾರ ಹಾಕಿ ಕೊಟ್ಟುಬಿಟ್ರ ಸಾಕಂತ. ದಾರ ಎಷ್ಟು ದಪ್ಪ ಬೇಕಂತ ನಿಮಗ ಗೊತ್ತಾಗ್ಲಿ ಅಂತ ಕೌದೀನೂ ಕಳಿಸ್ಯಾಳ.”

ಕೇಳಿದ್ದು ಇಷ್ಟು. ಐವತ್ತು ಸೂಜಿ, ಐವತ್ತು ಎಳೆ ದಾರ. ಒಂದು ಗಂಟೆಯ ಕೆಲಸ.

ಮುಂದೆ ನಾನು ಮಾಡಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ಮರುದಿನ ಬೆಳಿಗ್ಗೆ ಕೌದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಟ್ಟೆಯ ಜೋಡಣೆ ಸೊಗಸಾಗಿತ್ತು. ರೇಣುಕಾಳ ತಾಯಿಯ ಹಸಿರು ಇಳಕಲ್ ಸೀರೆ, ತೀರಿಕೊಂಡ ಅಜ್ಜನ ಧೋತರ, ಯಾರದೋ ಚೌಕಳಿ ಅಂಗಿ. ಆದರೆ ಹೊಲಿಗೆ? ಒಂದು ಸಾಲು ನೆಟ್ಟಗೆ ಹೊರಟು ನಡುವೆ ಎಡಕ್ಕೆ ತಿರುಗಿತ್ತು. ಇನ್ನೊಂದು ಅದನ್ನು ಹುಡುಕಿಕೊಂಡು ಹೋದಂತೆ ಹಿಂದೆಯೇ ಹೋಗಿತ್ತು. ಸೂಜಿಯ ಒಂದು ಟಾಕು ಜೋಳದ ಕಾಳಿನಷ್ಟು, ಪಕ್ಕದ್ದು ಹೆಬ್ಬೆಟ್ಟಿನಷ್ಟು. ಒಂದು ಮೂಲೆಯಲ್ಲಂತೂ ಮೂರು ಸಾಲು ಒಂದರ ಮೇಲೊಂದು ಬಿದ್ದು ಗಂಟಾಗಿದ್ದವು.

ಬಹುಕಾಲ ಡೆಸ್ಕಿನಲ್ಲಿ ಕೂತವನ ಕೈ ಅದು. ತಪ್ಪು ಕಂಡರೆ ಸುಮ್ಮನಿರಲು ಅದಕ್ಕೆ ಬರುವುದಿಲ್ಲ. ಮದುವೆಯ ಕರೆಯೋಲೆಯಲ್ಲೂ ಪೆನ್ನು ಹಿಡಿಯುತ್ತದೆ. ಹೋಟೆಲಿನ ತಿಂಡಿ ಪಟ್ಟಿಯಲ್ಲೂ ಹಿಡಿಯುತ್ತದೆ. ‘ಗಂಟಾದ ಮೂಲೆಯೊಂದನ್ನು ಸರಿಮಾಡಿ ಬಿಡೋಣ’ ಅಂದುಕೊಂಡೆ. ಸಣ್ಣ ಕತ್ತರಿಯಿಂದ ಬಿಚ್ಚಿದೆ. ಮೂಲೆ ನೆಟ್ಟಗಾದ ಮೇಲೆ ಅದರ ಪಕ್ಕದ್ದು ಇನ್ನೂ ಸೊಟ್ಟ ಕಾಣಿಸಿತು. ಅದನ್ನೂ ಬಿಚ್ಚಿದೆ.

ಹದಿನೈದು ದಿನದಲ್ಲಿ ಆಯಿಯ ಹೊಲಿಗೆ ಒಂದೂ ಉಳಿಯಲಿಲ್ಲ. ಸ್ಕೇಲು ಇಟ್ಟು ಗೆರೆ ಎಳೆದು, ಎಲ್ಲವನ್ನೂ ಹೊಸದಾಗಿ ಹೊಲಿದೆ. ಅಷ್ಟಕ್ಕೇ ನಿಲ್ಲಿಸಿದೆನಾ? ಉಳಿದರ್ಧವನ್ನೂ ಹೊಲಿದು, ನಡುವನ್ನೂ ಮುಚ್ಚಿ, ಇಸ್ತ್ರಿ ಹಾಕಿ ಮಡಿಚಿಟ್ಟೆ. ಸಾಲುಗಳು ನೋಟ್‌ಬುಕ್ಕಿನ ಗೆರೆಗಳ ಹಾಗಿದ್ದವು. ಪಾಪ, ಕಣ್ಣು ಕಾಣದ ಮುದುಕಿಗೆ ಎಷ್ಟು ಕಷ್ಟ ತಪ್ಪಿತು ಎಂದು ನನಗೆ ನಾನೇ ಶಭಾಷ್ ಹೇಳಿಕೊಂಡೆ. ಐವತ್ತು ಸೂಜಿ ಪ್ಯಾಕೆಟ್ಟಿನಲ್ಲೇ ಉಳಿದವು. ಅವು ಇನ್ನು ಯಾಕೆ?

ಆ ಭಾನುವಾರ ಮಾನ್ವಿಗೆ ಹೋಗುವಾಗ ಕೌದಿಯನ್ನೂ ಒಯ್ದೆ. ಕಸುಬುದಾರನ ಬಾಯಿಂದ ಒಂದು ‘ವಾಹ್’ ಕೇಳುವ ಆಸೆ. ಖಾದರ್ ಭಾಯಿ ಕನ್ನಡಕ ಏರಿಸಿ, ಅಂಚು ಮಡಿಚಿ, ಹಿಂಭಾಗ ತಿರುಗಿಸಿ ನೋಡಿದರು.

“ಏಕ್ ನಂಬರ್ ಸಾಬ್. ಮಷೀನ್ ಹಂಗ ಬಂದದ.”

ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರ ಕೈ ಕೌದಿಯ ಮೇಲೆಯೇ ನಿಂತಿತು.

“ಕಾಯ್ಕು ಖೋಲೇ?” ಅಂದರು. ಯಾಕೆ ಬಿಚ್ಚಿದಿರಿ? ಆಮೇಲೆ ಕನ್ನಡಕ್ಕೆ ಬಂದರು. “ಗಿರಾಕಿ ಅಂಗಿ ತರ್ತಾನ್ರಿ, ತೋಳು ಹರದದ ಅಂತಾನ. ನಾವು ತೋಳು ಹೊಲೀತೀವಿ. ಕಾಲರ್ ಸೊಟ್ಟ ಅದ, ಗುಂಡಿ ಮ್ಯಾಲೆ ಕೆಳಗ ಅದಾವ, ನಮಗ ಕಾಣಸ್ತದ. ಮುಟ್ಟಂಗಿಲ್ಲ. ಅದು ಬ್ಯಾರೆ ಟೇಲರ್‌ದು.”

“ಆಯಿ ಟೇಲರ್ ಅಲ್ಲಲ್ಲ ಭಾಯಿ.”

“ಅದಕ್ಕ ಹೇಳಿದೆ” ಅಂದರು. ಚಹಾ ತರಿಸಿದರು.

ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಮನಸ್ಸಿರಲಿಲ್ಲ ಎನ್ನುವುದು ಹೆಚ್ಚು ಸರಿ.

ಮುಂದಿನ ವಾರ ರೇಣುಕಾ ಹೆರಿಗೆಗೆ ತವರಿಗೆ ಹೊರಟಳು. ಅವಳ ಗಂಡನಿಗೆ ರಜೆ ಸಿಗಲಿಲ್ಲ. ಚೀಲ ಹಿಡಿಯಲು ಜೊತೆಗೆ ನಾನು ಹೋದೆ. ಬಸ್ಸಿನಲ್ಲಿ ಕೌದಿ ಬಿಚ್ಚಿ ತೋರಿಸಿದೆ. “ಅಯ್ಯ ಕಾಕಾ, ಎಷ್ಟು ನೀಟ್ ಆಗ್ಯಾದ!” ಅಂದವಳು, ಗಬ್ಬೂರು ದಾಟಿದ ಮೇಲೆ ಮೆಲ್ಲಗೆ ಕೇಳಿದಳು, “ಕಾಕಾ, ಆಯಿ ಹೊಲ್ದದ್ದು ಯಾವ ಕಡಿ ಅದ?”

ನಾನು ಕಿಟಕಿಯ ಹೊರಗೆ ನೋಡಿದೆ.

ಹೀಗಾಗಿ ಪಡಸಾಲೆಯಲ್ಲಿ ಆಯಿ ಪ್ರಶ್ನೆ ಕೇಳಿದಾಗ ರೇಣುಕಾಳಿಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. ಅವಳ ತಾಯಿ ನನಗೆ ನೀರಿನ ಚೊಂಬು ಕೊಟ್ಟು ಅಡುಗೆ ಮನೆ ಬಾಗಿಲಿಗೆ ಸರಿದು ನಿಂತರು.

“ನಾನ ಹೊಲ್ದೀನಿ ಯವ್ವಾ” ಅಂದೆ.

ಆಯಿಯ ಮುಖ ನನ್ನ ದನಿಯ ಕಡೆ ತಿರುಗಿತು. “ಗಂಡ್ಸು?”

“ಹೂಂ.”

“ಅದಕ್ಕ ಮತ್ತ. ಹೊಲಕ್ಕ ಗಳೇ ಹೊಡದಂಗ ಹೊಲ್ದೀದಿ.” ನೇಗಿಲು ಹೊಡೆದ ಹಾಗೆ ಎಂಬ ಹೋಲಿಕೆಗೆ ರೇಣುಕಾ ನಗು ತಡೆದುಕೊಂಡಳು. ಆಯಿ ನಗಲಿಲ್ಲ. “ನನ್ನ ಹೊಲಿಗಿ ಎಲ್ಲಿ ಅದ?”

“ಸೊಟ್ಟ ಇದ್ವು ಯವ್ವಾ, ಅದಕ್ಕ ಬಿಚ್ಚಿ...”

“ಸೊಟ್ಟ ಇದ್ದದ್ದು ನನಗ ಗೊತ್ತಿಲ್ಲೇನು? ಹೊಲ್ದಾಕಿ ನಾನು.”

ಸ್ವಲ್ಪ ಹೊತ್ತು ಆ ಬೆರಳುಗಳು ಸಾಲು ಸಾಲಾಗಿ ನಡೆದವು. ಒಂದು ಮೂಲೆಗೆ ಬಂದು ನಿಂತವು. “ಇಲ್ಲಿ ಮೂರು ಸಾಲು ಕೂಡಿದ್ವು. ಅವೂ ಹೋದ್ವೇನು?”

“ಹೋದ್ವು.”

“ಅವತ್ತ ಆಡಿನ ಮರಿ ಬಂದು ದಾರ ಬಾಯಾಗ ಹಾಕ್ಕೊಂಡಿತ್ತು. ಆ ಕಡಿ ಅದು ಜಗ್ಗತದ, ಈ ಕಡಿ ನಾ ಜಗ್ಗತೀನಿ. ಅದೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಸಾಲು ಹೋದ್ವು ಅಡ್ಡಾದಿಡ್ಡಿ. ಬಿಚ್ಚಬಕು ಅಂದ್ಕೊಂಡೆ. ಮತ್ತ ಬ್ಯಾಡ ಅಂತ ಬಿಟ್ಟೆ. ಕೂಸು ದೊಡ್ಡದಾದ ಮ್ಯಾಲ ಅದರ ಕೈ ಇಲ್ಲಿ ಇಟ್ಟು ಹೇಳಬಕು, ಇದು ಆಡಿನ ಮರಿ ಜಗ್ಗಿದ್ದು ನೋಡು ಅಂತ.”

ಜೀವನವಿಡೀ ನಡೆದದ್ದನ್ನು ದಾಖಲಿಸುವ ಕೆಲಸದಲ್ಲಿದ್ದೆ ಎಂದು ಹೇಳಿಕೊಳ್ಳುವವನು ನಾನು. ಒಂದು ಮನೆಯ ದಾಖಲೆಯನ್ನು ಸಣ್ಣ ಕತ್ತರಿಯಿಂದ ಅಳಿಸಿ, ಇಸ್ತ್ರಿ ಹಾಕಿ ತಂದು ಕೊಟ್ಟಿದ್ದೆ.

“ನೀ ಏನ್ ಕೆಲಸ ಮಾಡ್ತಿದ್ದಿ ಯಪ್ಪಾ?” ಆಯಿ ಕೇಳಿದರು. ಸಿಟ್ಟಿನ ದನಿಯಲ್ಲ. ಊರ ಹಿರಿಯರು ಹೊಸಬರನ್ನು ವಿಚಾರಿಸುವ ದನಿ.

“ಪೇಪರ್‌ನ್ಯಾಗ ಇದ್ದೆ ಯವ್ವಾ. ಬ್ಯಾರೆಯವ್ರು ಬರ್ದದ್ದನ್ನ ತಿದ್ತಿದ್ದೆ.”

“ತಿದ್ದಿದ ಮ್ಯಾಲ ಹೆಸರು ಯಾರ್ದು ಹಾಕ್ತಿದ್ದಿ?”

“ಬರ್ದವರ್ದು.”

“ಹಂಗಾರ ಇದರ ಮ್ಯಾಲ ಯಾರ ಹೆಸರು ಹಾಕೂದು?”

ಡೆಸ್ಕಿನಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅಲ್ಲ, ಒಬ್ಬ ಕೇಳಿದ್ದ. ಗಿಲ್ಲೆಸುಗೂರಿನಿಂದ ಸುದ್ದಿ ಬರೆದು ಕಳಿಸುತ್ತಿದ್ದವನು. ಒಮ್ಮೆ ‘ಬಸ್ಸು ಬರುತ್ತದೆಂದು ಊರು ಬೆಳಗಿನಿಂದ ರಸ್ತೆಯಲ್ಲಿ ಕೂತೇ ಇದೆ’ ಎಂದು ಬರೆದಿದ್ದ. ನಾನು ಅದನ್ನು ‘ಬಸ್ ಸೌಕರ್ಯದ ಕೊರತೆಯಿಂದ ಪ್ರಯಾಣಿಕರಿಗೆ ತೊಂದರೆಯಾಗಿದೆ’ ಎಂದು ಮಾಡಿದೆ. ಮರುದಿನ ಫೋನ್ ಮಾಡಿದ್ದ. “ಸರ್, ಸುದ್ದಿ ಬಂದದ. ನನ್ನ ಹೆಸರೂ ಬಂದದ. ಆದ್ರ ಬರ್ದವರು ಯಾರ್ರಿ?” ಚೇಷ್ಟೆಗೆ ಕೇಳಿದ್ದಾನೆ ಅಂದುಕೊಂಡು ನಕ್ಕು ಫೋನ್ ಇಟ್ಟಿದ್ದೆ. ಆಮೇಲೆ ಅವನ ಸುದ್ದಿಗಳು ನನ್ನ ಭಾಷೆಯಲ್ಲೇ ಬರತೊಡಗಿದವು. ಅವನು ಸುಧಾರಿಸಿದ ಎಂದು ಆಗ ನಂಬಿದ್ದೆ.

ಪಡಸಾಲೆಗೆ ವಾಪಸ್ ಬರುತ್ತೇನೆ. ತಪ್ಪನ್ನು ಸರಿಪಡಿಸಲು ನನಗೊಂದು ಉಪಾಯ ಹೊಳೆಯಿತು. ಹಳೆಯ ನೂಲಿನ ಬಟ್ಟೆಯಲ್ಲಿ ಸೂಜಿ ಹಾದ ತೂತು ಬೇಗ ಮುಚ್ಚುವುದಿಲ್ಲ. ಬೆಳಕಿಗೆ ಹಿಡಿದರೆ ಆಯಿಯ ಸಾಲು ಎಲ್ಲೆಲ್ಲಿ ತಿರುಗಿತ್ತು ಎಂದು ಈಗಲೂ ಕಾಣುತ್ತದೆ.

“ಯವ್ವಾ, ನಿಮ್ಮ ಹಳೇ ತೂತು ಕಾಣಸ್ತಾವ. ನಂದೆಲ್ಲ ಬಿಚ್ಚಿ, ಅದ ತೂತಿನ್ಯಾಗ ಹೊಳ್ಳಿ ಹೊಲ್ದು ಕೊಡ್ತೀನಿ. ಥೇಟ್ ಹಂಗ.”

“ಅಂದ್ರ, ನನ್ನ ಹೆಬ್ಬೆಟ್ಟು ನೀ ಒತ್ತಾಂವ?”

ಅಡುಗೆ ಮನೆಯ ಬಾಗಿಲಿನಿಂದ ರೇಣುಕಾಳ ತಾಯಿ ನನ್ನ ಪರವಾಗಿ ಬಂದರು. “ಇರ್ಲಿ ಬಿಡತ್ತಿ. ಪಾಪ, ಅವರು ಚಲೋ ಆಗ್ಲಿ ಅಂತ ಮಾಡ್ಯಾರ. ನೋಡಾಕೂ ಚಂದ ಅದ. ಹೆರಿಗಿ ದಿನ ಹತ್ರ ಬಂದಾವ, ಮತ್ತ ಬಿಚ್ಚಿ ಹೊಲಿಯಾಕ ಕುಂತ್ರ ಯಾವಾಗ ಆಗೂದು?”

“ನಿನಗ ಅವಸರ ಇದ್ರ ನೀ ಇದರ ಮ್ಯಾಲ ಮಕ್ಕೋ” ಅಂದರು ಆಯಿ. ಆಮೇಲೆ ನನಗೆ, “ಯಪ್ಪಾ, ನಿಂದು ನೀ ಬಿಚ್ಚು. ಬಿಚ್ಚಿದ ಮ್ಯಾಲ ನಾ ಕೇಳಿದಷ್ಟು ಮಾಡು.”

ಅಲ್ಲೇ ಕೂತು ಬಿಚ್ಚಿದೆ. ಹದಿನೈದು ದಿನದ ಕೆಲಸ ಒಂದು ಮಧ್ಯಾಹ್ನದಲ್ಲಿ ಹೋಯಿತು. ಆಯಿ ಪಕ್ಕದಲ್ಲಿ ಕೂತು, ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಕೊನೆಗೆ ಒಂದು ಅಂಚಿನಲ್ಲಿ ಗೇಣುದ್ದ ಉಳಿದಾಗ ಅವರ ಕೈ ನನ್ನ ಕತ್ತರಿಯ ಮೇಲೆ ಬಂತು.

“ಇದೊಂದು ಇರ್ಲಿ.”

“ಯಾಕ ಯವ್ವಾ?”

“ಕೂಸಿಗೆ ಹೇಳಾಕ ಬೇಕಲ್ಲ. ಇಲ್ಲೊಬ್ಬ ಪೇಪರ್‌ನಾಂವ ಬಂದು ಜಗ್ಗಿದ್ದ ಅಂತ.”

ಈ ಸಲ ಎಲ್ಲರೂ ನಕ್ಕರು. ಆಡಿನ ಮರಿಯ ಜಾಗ ನನಗೆ ಸಿಕ್ಕಿತ್ತು. ನನ್ನ ಯೋಗ್ಯತೆಗೆ ಅದೇ ಹೆಚ್ಚು.

ಅಂದಿನಿಂದ ನನ್ನ ಭಾನುವಾರಗಳು ದೇವದುರ್ಗಕ್ಕೆ ಹೋದವು. ರಾಯಚೂರಿನಲ್ಲೇ ಐವತ್ತು ಸೂಜಿ ಪೋಣಿಸಿ, ದಾರ ಸಿಕ್ಕಾಗದಂತೆ ಒಂದೊಂದನ್ನೂ ರಟ್ಟಿಗೆ ಸುತ್ತಿ ಒಯ್ಯುತ್ತಿದ್ದೆ. ಖಾಲಿಯಾದ ಸೂಜಿಗಳನ್ನು ಅಲ್ಲೇ ಕೂತು ಮತ್ತೆ ಪೋಣಿಸುತ್ತಿದ್ದೆ. ಆಯಿ ಎಡಗೈಯ ಹೆಬ್ಬೆರಳನ್ನು ಬಟ್ಟೆಯ ಮೇಲೆ ಇಟ್ಟು, ಅದರ ಪಕ್ಕಕ್ಕೇ ಸೂಜಿ ಹಾಕಿ, ಹೆಬ್ಬೆರಳನ್ನು ಒಂದಿಷ್ಟು ಮುಂದೆ ಸರಿಸಿ, ಮತ್ತೆ ಸೂಜಿ ಹಾಕುತ್ತಿದ್ದರು. ಆ ಹೆಬ್ಬೆರಳೇ ಅವರ ಸ್ಕೇಲು. ದಣಿದ ಹೊತ್ತಿಗೆ ಅದು ಬಾಗುತ್ತದೆ. ಸಾಲೂ ಬಾಗುತ್ತದೆ.

ಒಮ್ಮೆ ಕೂಸಿಗೆಂದು ಒಂದು ಟೊಪ್ಪಿಗೆ ಹೆಣೆದುಕೊಂಡು ಹೋಗಿದ್ದೆ. ಆಯಿಯದು ಕುರಿ ಕಾಯ್ದ ಮನೆತನ. ಟೊಪ್ಪಿಗೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

“ಇದು ಯಾವ ಕುರೀ ಉಣ್ಣಿ?”

“ಕುರೀದಲ್ಲ ಯವ್ವಾ. ಫ್ಯಾಕ್ಟರೀದು.”

“ಫ್ಯಾಕ್ಟರಿ ಕುರಿ ಏನ್ ಮೇಯತಾವ?”

(ನಿಮಗೆ ಗೊತ್ತಿದ್ದರೆ ತಿಳಿಸಿ.)

ಸೂಜಿ ಪೋಣಿಸುವುದು ಕಷ್ಟವಲ್ಲ. ಪೋಣಿಸಿ ಕೊಟ್ಟ ಮೇಲೆ ಸುಮ್ಮನೆ ಕೂರುವುದಿದೆಯಲ್ಲ, ಅದು ಕಷ್ಟ. ಕಣ್ಣೆದುರೇ ಸಾಲು ಬಲಕ್ಕೆ ಜಾರುತ್ತಿರುತ್ತದೆ. ‘ಯವ್ವಾ, ಸ್ವಲ್ಪ ಎಡಕ್ಕ’ ಎಂಬ ಮಾತು ಗಂಟಲಿಗೆ ಬಂದಿರುತ್ತದೆ. ಎಷ್ಟೋ ಸಲ ನಾಲಿಗೆ ಕಚ್ಚಿಕೊಂಡೆ. ರೇಣುಕಾ ಮೂಲೆಯಲ್ಲಿ ಕಾಲು ಚಾಚಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. “ಆಯಿ, ಕಾಕಾಗ ಹೊಟ್ಯಾಗ ಕಿಚಿಪಿಚಿ ಆಗಾಕತ್ತದ ನೋಡು” ಎಂದು ಚುಡಾಯಿಸುತ್ತಿದ್ದಳು.

“ಆಗ್ಲಿ ಬಿಡು. ಬಸುರಿ ನೀ ಒಬ್ಬಾಕಿ ಆದ್ರ ಹೆಂಗ?” ಅಂತ ಆಯಿ.

ಅಲ್ಲಿ ಕೂತಾಗ ನನಗೆ ನಮ್ಮ ಮನೆಗಳೆಲ್ಲ ನೆನಪಾದವು. ಅಪ್ಪ ಮೊಬೈಲ್ ಹಿಡಿದುಕೊಂಡು ಬಂದು ‘ಇದು ಹೆಂಗ ಮಾಡೂದು?’ ಎಂದು ಕೇಳುತ್ತಾರೆ. ನಾವು ಹೇಳಿಕೊಡುತ್ತೇವಾ? ‘ಕೊಡಿಲ್ಲಿ’ ಎಂದು ಕಸಿದುಕೊಂಡು, ಎರಡು ಸಲ ಒತ್ತಿ, ವಾಪಸ್ ಕೊಡುತ್ತೇವೆ. ಅಪ್ಪ ನಾಳೆ ಮತ್ತೆ ಬರುತ್ತಾರೆ. ಆಗ ನಮಗೆ ಸಿಟ್ಟು. ಮಾತು ತಡವರಿಸುವವರ ವಾಕ್ಯವನ್ನು ನಾವೇ ಮುಗಿಸಿ ಕೊಡುತ್ತೇವೆ. ಅವರು ಹೇಳಲು ಹೊರಟಿದ್ದು ಅದೇ ಆಗಿತ್ತಾ ಎಂದು ನೋಡುವ ತನಕ ನಿಲ್ಲುವುದಿಲ್ಲ. ಮಗಳು ಮೊದಲ ಸಲ ರೊಟ್ಟಿ ಬಡಿಯಲು ಕೂತರೆ, ಎರಡನೇ ರೊಟ್ಟಿಗೆ ತಾಯಿಯ ಕೈ ಹಂಚಿನ ಹತ್ತಿರ ಬಂದಿರುತ್ತದೆ.

ಇದರಲ್ಲಿ ಕೆಟ್ಟ ಮನಸ್ಸು ಯಾರದೂ ಅಲ್ಲ. ನನ್ನದೂ ಆಗಿರಲಿಲ್ಲ. ಅದೇ ತೊಂದರೆ. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಯಾರಾದರೂ ತಡೆಯುತ್ತಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದಕ್ಕೆ ಚಹಾ ಕೊಡುತ್ತಾರೆ.

ನನ್ನ ಹದಿನೈದು ದಿನಕ್ಕೆ ಬೆಲೆ ತೆತ್ತವರು ಬೇರೆಯವರು ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಕೌದಿ ಇನ್ನೂ ನಾಲ್ಕು ಸುತ್ತು ಬಾಕಿ ಇರುವಾಗಲೇ ರೇಣುಕಾಳಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಆರಾಮ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಕೂಸನ್ನು ಮಲಗಿಸಿದ್ದು ನಾಲ್ಕು ಮಡಿಕೆ ಮಾಡಿದ ಹಳೇ ಸೀರೆಯ ಮೇಲೆ. ಆ ಮನೆಯಲ್ಲಿ ಆಯಿಯ ಕೌದಿ ಇಲ್ಲದೆ ಮಲಗಿದ ಮೊದಲ ಕೂಸು ಅದು. ರೇಣುಕಾ ಫೋನಿನಲ್ಲಿ ಹೇಳಿದಳು. “ಆಯಿ ಕೂಸಿನ ಕೆಳಗ ಕೈ ಹಾಕಿ ಸೀರಿ ಮುಟ್ಟಿ ನೋಡಿದ್ಲು ಕಾಕಾ. ಹೊಳ್ಳಿ ಬಂದು ಹೊಲಿಯಾಕ ಕುಂತ್ಲು.”

ಬೈದಿದ್ದರೆ ವಾಸಿಯಿತ್ತು.

ಕಳೆದ ಭಾನುವಾರ ನಾನು ಹೋದಾಗ ಕೊನೆಯ ಸುತ್ತು ನಡೆದಿತ್ತು. ನಡುವೆ ಅಂಗೈಯಗಲ ಜಾಗ ಬಾಕಿ. ಆಯಿ ಸೂಜಿ ನಿಲ್ಲಿಸಿ ಸೊಸೆಗೆ ಕೂಗಿ ಐದು ಕಾಳು ಜೋಳ ತರಿಸಿಕೊಂಡರು. ಏನಕ್ಕೆ ಎಂದು ಕೇಳಿದೆ. ಕೌದಿಯ ನಡು ಮುಚ್ಚುವ ಮೊದಲು ಅದರ ಹೊಟ್ಟೆಗೆ ಕಾಳು ಹಾಕುವುದು ಅವರ ಮನೆಯ ಪದ್ಧತಿ. ಹಸಿದ ಕೌದಿಯ ಮೇಲೆ ಮಲಗಿದ ಕೂಸು ಹಾಲಿಗೆ ಅಳುತ್ತಲೇ ಇರುತ್ತದಂತೆ. ನಾನು ಮುಚ್ಚಿ, ಇಸ್ತ್ರಿ ಹಾಕಿ ತಂದಿದ್ದ ಕೌದಿಯಲ್ಲಿ ಕಾಳಿರಲಿಲ್ಲ. ಇರಬೇಕು ಎಂಬುದೇ ನನಗೆ ತಿಳಿದಿರಲಿಲ್ಲ. ತಿದ್ದುವವನಿಗೆ ಇದ್ದ ತಪ್ಪು ಕಾಣುತ್ತದೆ. ಇಲ್ಲದೇ ಹೋದದ್ದು ಎಲ್ಲಿ ಕಾಣುತ್ತದೆ?

ಕೂಸು ರೇಣುಕಾಳ ತೊಡೆಯ ಮೇಲೆ ಮಿಸುಕಾಡುತ್ತಿತ್ತು. ಆಯಿ ಐದು ಕಾಳನ್ನು ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಬಟ್ಟೆಯ ಪದರಗಳ ಬಾಯಿ ಹುಡುಕುತ್ತಿದ್ದರು. ಬೆರಳು ಒಂದು ಪದರ ಮೇಲೆ ಹೋಯಿತು. ಅಲ್ಲ. ಒಂದು ಪದರ ಕೆಳಗೆ ಬಂತು. ಅದೂ ಅಲ್ಲ. ಒಂದು ಕಾಳು ಜಾರಿ ನೆಲಕ್ಕೆ ಬಿತ್ತು. ನೆಲ ತಡವಿ ತಾವೇ ಹುಡುಕಿಕೊಂಡರು. ಮತ್ತೆ ಪದರ. ಕೂಸು ಅಳಲು ಶುರುಮಾಡಿತು. ಪದರಗಳ ಬಾಯಿ ನನಗೆ ಕಾಣುತ್ತಿತ್ತು, ಒಂದು ಬೆರಳಿನಷ್ಟು ದೂರದಲ್ಲಿ. ನನ್ನ ಕೈ ತಾನಾಗಿಯೇ ಮುಂದೆ ಹೋಗಿ ಬಟ್ಟೆಯ ಅಂಚು ಹಿಡಿಯಿತು.

ಆಯಿಯ ಬೆರಳು ನನ್ನ ಬೆರಳಿಗೆ ತಾಗಿತು. ನಿಂತಿತು.

“ನಾ ಕೇಳೀನೇನು?”

ಕೈ ಹಿಂದಕ್ಕೆ ತೆಗೆದುಕೊಂಡೆ.

ಕಾಳು ಒಳಗೆ ಹೋಗಿ, ನಡು ಮುಚ್ಚಿ, ಗಂಟು ಬಿದ್ದು, ಕೂಸು ಅದರ ಮೇಲೆ ಮಲಗುವ ಹೊತ್ತಿಗೆ ಹತ್ತು ನಿಮಿಷ ಆಗಿತ್ತು. ನಾನು ಮಾಡಿದ್ದರೆ ಒಂದು ನಿಮಿಷ. ಉಳಿಯುತ್ತಿದ್ದ ಆ ಒಂಬತ್ತು ನಿಮಿಷ ಯಾರಿಗೆ ಬೇಕಾಗಿತ್ತು?